ನೆಮ್ಮದಿಗೆ ಸ್ಲಾಟ್ ಬುಕ್ ಮಾಡಿದ್ದೀರಾ?

ಅಕ್ಕನ ಮಗನಿಗೆ ಹುಡುಗಿ ಕೈಕೊಟ್ಟಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬಂದು, 'ಮಾವ, ನಾನು ಹೀಲ್ ಆಗ್ಬೇಕು. ನಿಮ್ಮ ಕಾರಲ್ಲಿ ಚಿಕ್ಕಮಗಳೂರಿಗೆ ಹೋಗೋಣ' ಅಂದ. ಒಡೆದ ಹೃದಯ ಅವನದು, ಪೆಟ್ರೋಲ್ ನನ್ನದು.

ಈಗ ಪ್ರತಿ ಕಾಯಿಲೆಗೂ ಒಂದೊಂದು ಊರಿದೆ. ಬ್ರೇಕಪ್‌ಗೆ ಗೋಕರ್ಣ, ಅಪ್ರೈಸಲ್ ಕೆಟ್ಟರೆ ಕೊಡಗು. ಇಎಂಐ ಚಿಂತೆ ಜಾಸ್ತಿಯಾದರೆ ಬಾಲಿ. ಅದಕ್ಕೂ ಇಎಂಐ ಸಿಗುತ್ತದೆ, ಚಿಂತೆ ಬೇಡ.

ತೊಂದರೆ ಏನಪ್ಪಾ ಅಂದರೆ, ಎಲ್ಲರ ಮನಸ್ಸೂ ಶನಿವಾರವೇ ಕೆಡುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿ ನೆನಪಿದೆ ಅಲ್ವಾ? ಸಾವಿರಾರು ಜನ ಸಾಲುಗಟ್ಟಿದ್ದರು. ಕಾಡಿನ ಮೌನ ಕೇಳಲು ಹೋದವರು ಮುಂದಿನವನ ಬ್ಯಾಗಿನ ಜಿಪ್ ನೋಡುತ್ತಾ ನಿಂತರು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ನಿಲ್ಲಿಸಬೇಕಾಯಿತು.

ಮುಳ್ಳಯ್ಯನಗಿರಿಗೂ 2025ರ ಸೆಪ್ಟೆಂಬರಿನಿಂದ ಸ್ಲಾಟ್ ಬಂದಿದೆ. ಒಂದು ಸ್ಲಾಟಿಗೆ 600 ವಾಹನ. ನಮಗೆ ಸಿಕ್ಕಿದ್ದು ಮಧ್ಯಾಹ್ನ 1ರಿಂದ 6ರದ್ದು. ಅಂದರೆ ಹುಡುಗನ ಗಾಯ ಸಂಜೆ ಆರರೊಳಗೆ ಮಾಯಬೇಕು.

ಮೇಲೆ ಮಂಜು, ಗಾಳಿ, ಜೊತೆಗೆ ಅರ್ಧ ಬೆಂಗಳೂರು. ಒಬ್ಬಳು ಕಣಿವೆಯತ್ತ ಮುಖ ಮಾಡಿ, ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ನಿಂತಿದ್ದಳು. ಎಂಥಾ ಶಾಂತಿ ಅಂದುಕೊಂಡೆ. 'ಇನ್ನೊಂದ್ಸಲ, ಕೂದಲು ಹಾರ್ಲಿಲ್ಲ' ಎಂದು ಕ್ಯಾಮೆರಾ ಹಿಡಿದವನು ಕೂಗಿದ. ನಮ್ಮ ಹುಡುಗ ಫೋನ್ ಎತ್ತಿ ಹಿಡಿದು ಬಂಡೆಯಿಂದ ಬಂಡೆಗೆ ಹಾರುತ್ತಿದ್ದ. ಸ್ಟೋರಿ ಹಾಕಿದ್ದಾನಂತೆ. ಅವಳು ನೋಡಿದಳೋ ಇಲ್ಲವೋ ತಿಳಿಯಲು ನೆಟ್‌ವರ್ಕ್ ಬೇಕು.

ರಾತ್ರಿ ಹೋಂಸ್ಟೇ ಯಜಮಾನರು ಕಾಫಿ ಕೊಟ್ಟು ಎದುರಿಗೆ ಕೂತರು. ಮಳೆಗೆ ಕಾಯಿ ಉದುರಿದ್ದು, ತೋಟಕ್ಕೆ ಆನೆ ನುಗ್ಗಿದ್ದು, ಕೊಯ್ಲಿಗೆ ಆಳು ಸಿಗದಿದ್ದು, ಎಲ್ಲ ಹೇಳಿಕೊಂಡರು.

'ನಿಮಗೆ ಬೇಜಾರಾದ್ರೆ ಎಲ್ಲಿಗೆ ಹೋಗ್ತೀರಾ?' ಎಂದು ಕೇಳಿದೆ.

'ಎಲ್ಲಿಗೆ ಹೋಗೋದು ಸಾರ್? ಶನಿವಾರ, ಭಾನುವಾರ ನೀವೆಲ್ಲ ಇಲ್ಲಿಗೆ ಬಂದಿರ್ತೀರಲ್ಲ.'

ನಮ್ಮಜ್ಜಿ ಕಾಶಿಗೆ ಹೋಗಿದ್ದಳು. ಅಲ್ಲಿ ಇಷ್ಟದ್ದೊಂದನ್ನು ಬಿಟ್ಟು ಬರಬೇಕೆನ್ನುವುದು ರೂಢಿ. ಅಜ್ಜಿ ಹಾಗಲಕಾಯಿ ಬಿಟ್ಟಳು. ಜನ್ಮದಲ್ಲಿ ಅದನ್ನು ಮುಟ್ಟಿದವಳಲ್ಲ! ಆದರೂ ಲೆಕ್ಕಕ್ಕೆ ಏನೋ ಒಂದು ಬಿಟ್ಟಳಲ್ಲ. ಗುಡ್ಡ ಹತ್ತಿದ ನಮ್ಮವರೂ ಬಿಡುತ್ತಾರೆ: ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ಟು.

ವಾಪಸ್ ಬರುವಾಗ ನೆಲಮಂಗಲದ ಹತ್ತಿರ ಭಾನುವಾರದ ಜಾಮ್. ಸುತ್ತಲಿನ ಕಾರುಗಳಲ್ಲೂ ನಮ್ಮಂತೆ ಹೀಲ್ ಆದವರೇ ಇರಬೇಕು, ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದರು. ಹುಡುಗ ಸುಮ್ನೆ ಕೂತಿದ್ದ.

'ಏನೋ, ಅವಳನ್ನ ಅಲ್ಲೇ ಬಿಟ್ಟು ಬಂದ್ಯಾ?'

ಬ್ಯಾಗೆಲ್ಲ ತಡಕಾಡಿ ಮುಖ ಸಣ್ಣಗೆ ಮಾಡಿಕೊಂಡ. 'ಇಲ್ಲ ಮಾವ. ಚಾರ್ಜರ್ ಬಿಟ್ಟು ಬಂದೆ.'

ಸೋಮವಾರ ಬೆಳಗ್ಗೆ ಯಜಮಾನರ ಫೋನು. 'ಚಾರ್ಜರ್ ಕೊರಿಯರ್ ಮಾಡ್ಲಾ ಸಾರ್, ಇಲ್ಲಾ ಮುಂದಿನ ವಾರ ಬರ್ತೀರಾ?'