ಫೋಟೋ ಹಿಂದೆ ಪೆನ್ಸಿಲಲ್ಲಿ

ಕೆನಡಾದ ಸಾಸ್ಕಟೂನ್‌ಗೆ ಬಂದು ಮೂರು ವರ್ಷ ಆದ್ಮೇಲೂ ನಂಗೆ ಇದು ಗೊತ್ತಿರ್ಲಿಲ್ಲ ನೋಡಿ, ಇಲ್ಲಿಂದ ರೈಲು ಹಳಿ ಜಾಡು ಹಿಡಿದು ಆಗ್ನೇಯಕ್ಕೆ ಕಾರು ಓಡಿಸ್ತಾ ಹೋದ್ರೆ ಊರುಗಳು ಎಬಿಸಿಡಿನ ಉಲ್ಟಾ ಒಪ್ಪಿಸ್ತಾ ಬರ್ತವೆ. ಕ್ಲಾವೆಟ್, ಬ್ರಾಡ್‌ವೆಲ್, ಅಲನ್, ಅಲ್ಲಿಗೆ ಸಿ ಬಿ ಎ ಮುಗೀತು, ಆಮೇಲೆ ಝೆಲ್ಮಾ, ಯಂಗ್, ಝೀನಾ, ಅಂದ್ರೆ ಝಡ್ ವೈ ಎಕ್ಸ್. ನೂರು ವರ್ಷಕ್ಕೂ ಹಿಂದೆ ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಕಂಪನಿ ಪಶ್ಚಿಮಕ್ಕೆ ಹಳಿ ಹಾಕ್ತಾ ಹೋದಾಗ ಸ್ಟೇಷನ್ನಿಗೆಲ್ಲ ಅಕ್ಷರದ ಸರದಿ ಪ್ರಕಾರ ಹೆಸರಿಡ್ತಾ ಹೋಯ್ತು, ಝಡ್ ಬಂದ್ರೆ ಮತ್ತೆ ಎ ಇಂದ ಶುರು. ನಮ್ಮ ಕಡೆ ಊರಿತ್ತು, ಆಮೇಲೆ ರೈಲು ಬಂತು, ಇಲ್ಲಿ ರೈಲು ಬಂದ್ಮೇಲೆ ಊರು. ಹಾಗಂತ ಬಯಲು ಖಾಲಿ ಬಿದ್ದಿತ್ತು ಅಂತಲ್ಲ, ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನ, ಮೇಟಿ ಜನ ಇದ್ದೇ ಇದ್ರು, ಸಾಸ್ಕಟೂನ್ ಅನ್ನೋದೇ ಒಂದು ಹಣ್ಣಿಗೆ ಕ್ರೀ ಭಾಷೇಲಿರೋ ಹೆಸರಿಂದ ಬಂದಿದ್ದು, ಆದ್ರೆ ಕಂಪನಿಯವ್ರಿಗೆ ಪ್ರತಿ ಸ್ಟೇಷನ್ನಿಗೂ ನಿಂತು ಕೇಳೋ ಪುರುಸೊತ್ತೆಲ್ಲಿ!

ಸ್ಟೇಷನ್ನುಗಳು ಸುಮಾರು ಎಂಟು ಹತ್ತು ಮೈಲಿಗೊಂದು. ಯಾಕಂದ್ರೆ ರೈತ ಕುದುರೆ ಗಾಡೀಲಿ ಗೋಧಿ ಹೇರ್ಕೊಂಡು ಬಂದು, ಎಲಿವೇಟರಿಗೆ ಸುರಿದು, ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು. ಎಲಿವೇಟರ್ ಅಂದ್ರೆ ಲಿಫ್ಟ್ ಅಲ್ಲ ಮತ್ತೆ, ಹಳಿ ಪಕ್ಕ ನಿಂತಿರೋ ಎತ್ತರದ ಮರದ ಕಣಜ. ಆಮೇಲೆ ಲಾರಿ ಬಂತು, ರಸ್ತೆ ಬಂತು, ಎಷ್ಟೋ ಕವಲು ಹಳಿಗಳನ್ನ ಕಿತ್ತು ಹಾಕಿದ್ರು, ಹಳಿ ಹೋದ್ಮೇಲೆ ಊರೂ ಸೊರಗ್ತು.

ಅಂಥದ್ದೇ ಒಂದು ಊರಿನ ಹಳೇ ಸ್ಟೇಷನ್ ಈಗ ಮ್ಯೂಸಿಯಂ. ಕೆಳಗೆ ಟಿಕೆಟ್ ಕೌಂಟರು, ಹಳಿಯ ಎರಡೂ ದಿಕ್ಕು ಕಾಣ್ಲಿ ಅಂತ ಗೋಡೆಯಿಂದ ಮುಂದಕ್ಕೆ ಚಾಚಿರೋ ಕಿಟಕಿ, ಮೇಲ್ಗಡೆ ಸ್ಟೇಷನ್ ಏಜೆಂಟನ ಸಂಸಾರ ಇದ್ದ ಮನೆ. ಆ ಮನೆಯ ಮಲಗೋ ಕೋಣೇಲಿ ಈಗ ಊರಿನ ದಾಖಲೆ, ರಟ್ಟಿನ ಡಬ್ಬಗಳಲ್ಲಿ. ನೋಡ್ಕೊಳ್ಳೋದು ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ, ಸಂಬಳ ಇಲ್ಲ, ಫ್ಲಾಸ್ಕಲ್ಲಿ ಕಾಫಿ ಅವರದೇ.

ಅಜ್ಜಿ ಒಂದು ಬೂಟಿನ ಡಬ್ಬ ನನ್ನ ಮುಂದೆ ಇಟ್ರು. ಮೇಲಿದ್ದ ಫೋಟೋದಲ್ಲಿ ಪ್ಲಾಟ್‌ಫಾರಂ ಮೇಲೆ ಒಬ್ಳು ಹುಡುಗಿ, ಒಬ್ಬ ಹೆಂಗಸು, ಒಂದು ನಾಯಿ. ತಿರುಗಿಸಿದ್ರೆ ಹಿಂದೆ ಪೆನ್ಸಿಲಲ್ಲಿ 'ನಾನು, ಅಮ್ಮ, ಪ್ರಿನ್ಸ್' ಅಂತ. ನಾಯಿ ಹೆಸರು ಸಿಕ್ತು! ಇಪ್ಪತ್ತು ವರ್ಷದಿಂದ ಈ 'ನಾನು' ಯಾರು ಅಂತ ಹುಡುಕ್ತಿದೀನಿ ಅಂದ್ರು ಅಜ್ಜಿ. ನಂಗೆ ನಗು ಬಂತು, ಮರುಗಳಿಗೇಲೇ ನನ್ನ ಫೋನಲ್ಲಿರೋ ಸಾವಿರಾರು ಫೋಟೋ ನೆನಪಾಗಿ ಸುಮ್ಮನಾದೆ, ಅದರಲ್ಲಿ ನಾಯಿ ಹೆಸರೂ ಇಲ್ಲ.

ಇಲ್ಲಿ ಊರೂರಿಗೂ ಇಟ್ಟಿಗೆ ದಪ್ಪದ ಒಂದು ಚರಿತ್ರೆ ಪುಸ್ತಕ ಇರುತ್ತೆ. ಸಾಸ್ಕಾಚೆವಾನ್ ಪ್ರಾಂತ್ಯ ಆಗಿದ್ದು 1905ರಲ್ಲಿ, 1980ರಲ್ಲಿ ಎಪ್ಪತ್ತೈದು ತುಂಬಿದ ಸಂಭ್ರಮಕ್ಕೆ ಇಂಥವು ರಾಶಿ ರಾಶಿ ಬಂದ್ವು. ಅದ್ರಲ್ಲೂ ಅಕ್ಷರದ ಸರದೀನೇ, ಮನೆತನದ ಹೆಸರಿನ ಪ್ರಕಾರ, ಅವರವರ ಪುಟ ಅವರವರೇ ಬರೆದಿದ್ದು. ಹತ್ತು ಡಾಲರ್ ಕಟ್ಟಿ 160 ಎಕರೆ ತಗೊಂಡ ತಾತ, ಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ ಮನೆ, ಮೊದಲ ಚಳಿಗಾಲ. ಅವರವರೇ ಬರ್ಕೊಂಡಿದ್ರಿಂದ ಊರಲ್ಲಿ ಒಬ್ಬನೂ ಕುಡೀತಿರ್ಲಿಲ್ಲ, ಯಾವ ಅಣ್ಣತಮ್ಮನೂ ಬೇಲಿಗೆ ಜಗಳ ಆಡ್ಲಿಲ್ಲ, ನಾನಂತೂ ನಂಬಲ್ಲ.

ಆದ್ರೆ ಫೋಟೋಗಳಲ್ಲಿ ಸ್ಟೇಷನ್ ಎದುರಿಗೇ ಒಂದು ಕೆಫೆ ಕಾಣುತ್ತೆ, ಅದನ್ನ ನಡೆಸ್ತಿದ್ದ ಚೀನೀ ಮನುಷ್ಯನ ಪುಟ ಪುಸ್ತಕದಲ್ಲಿಲ್ಲ. ಪುಟ ಇರೋದು ಸಂಸಾರಕ್ಕೆ, ಅವನಿಗೆ ಇಲ್ಲಿ ಸಂಸಾರ ಎಲ್ಲಿತ್ತು? ಚೀನಾದಿಂದ ಬರೋರಿಗೆ ತಲೆಗೆ ಇಷ್ಟು ಅಂತ ತೆರಿಗೆ, 1885ರಲ್ಲಿ 50 ಡಾಲರ್, 1903ರಿಂದ 500, 1923ರಲ್ಲಿ ಬಾಗಿಲೇ ಮುಚ್ಚಿದ್ರು, ತೆಗೆದಿದ್ದು 1947ರಲ್ಲಿ. ಹೆಂಡ್ತಿ ಮಕ್ಕಳನ್ನ ಕರೆಸ್ಕೊಳ್ಳೋದು ಹೇಗೆ? ಅದೂ ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬೆಟ್ಟಗಳಲ್ಲಿ ಕೆನೆಡಿಯನ್ ಪೆಸಿಫಿಕ್ ಹಳಿಗೆ ಬಂಡೆ ಒಡೆದು ಸತ್ತವರಲ್ಲಿ ಅವನ ಕಡೆಯವ್ರು ಎಷ್ಟು ಜನ! ಅವನು ಸಿಗೋದು ಸ್ಟೇಷನ್ನಿನ ಸರಕಿನ ಲೆಡ್ಜರಲ್ಲಿ ಮಾತ್ರ. ಏಜೆಂಟನ ಕೈಬರಹದಲ್ಲಿ, ಒಂದೊಂದು ಸಲ ಒಂದೊಂದು ಸ್ಪೆಲಿಂಗು, ಅಕ್ಕಿ ಮೂಟೆ ಎರಡು, ಸಹಿ ಜಾಗದಲ್ಲಿ ಮಾತ್ರ ಅವನದೇ ಲಿಪಿಯ ಮೂರು ಅಕ್ಷರ. ಅಜ್ಜಿ ಆ ಮೂರಕ್ಷರಾನ ಜೆರಾಕ್ಸ್ ಮಾಡಿ ಬೇರೆ ಒಂದು ಫೈಲೇ ತೆಗೆದಿದಾರೆ, ಒಳಗೆ ಅದೊಂದೇ ಹಾಳೆ.

ಹೊರಡುವಾಗ ಅಜ್ಜಿ ನಂದೂ ಒಂದು ಫೋಟೋ ತೆಗೆದು ಪ್ರಿಂಟ್ ಹಾಕಿ ಪೆನ್ಸಿಲ್ ಕೊಟ್ರು, ಹಿಂದೆ ಹೆಸರು ಬರಿ ಅಂತ. ಪಾಸ್‌ಪೋರ್ಟಿನಲ್ಲಿ ನನ್ನ ಇನಿಷಿಯಲ್ ಎಳೆದು ಬೀರೂರು ಅಂತ ಮಾಡಿದಾರೆ, ಅದನ್ನೇ ಬರೆದೆ.

"ಬೀರೂರು ಅಂದ್ರೆ ನಿಮ್ಮ ಮನೆತನವಾ?"

"ಇಲ್ಲ ಅಜ್ಜಿ, ರೈಲ್ವೆ ಜಂಕ್ಷನ್ನು."

ಅಜ್ಜಿ ಕನ್ನಡಕ ತೆಗೆದು ಒಂದ್ಸಲ ನನ್ನ ನೋಡಿ, ಮತ್ತೆ ಹಾಕ್ಕೊಂಡು, ಫೋಟೋನ 'ಬಿ' ಡಬ್ಬಕ್ಕೆ ಹಾಕಿದ್ರು.