ಅರ್ಥ್ ನೋಡಿದ್ಯಾ?

ಕೀ ನನ್ನ ಜೇಬಿನಲ್ಲಿದೆ, ಎಂಜಿನ್ ಮಾತ್ರ ಓಡುತ್ತಲೇ ಇದೆ. ನಿನ್ನೆ ಸಂಜೆಯ ಪರಿಸ್ಥಿತಿ ಇದು. ಗಾಡಿ ಸ್ಟಾರ್ಟ್ ಆಗಲ್ಲ ಅಂತ ತಲೆ ಕೆಡಿಸಿಕೊಂಡವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆಫ್ ಆಗಲ್ಲ ಅಂತ ಅದರ ಮುಂದೆ ನಿಂತು "ಸಾಕು, ನಿಲ್ಲು ಮಾರಾಯ" ಅಂತ ಬೇಡಿಕೊಂಡವರನ್ನು ನೋಡಿದ್ದೀರಾ?

ಇದು ಅಜ್ಜನ ಕಾಲದ ಪೆಟ್ರೋಲ್ ಟ್ರ್ಯಾಕ್ಟರ್. 6 ವೋಲ್ಟಿನದು. 1947ರಿಂದ 1952ರ ತನಕ ಬಂದ ಫೋರ್ಡ್ 8ಎನ್ ಸೇರಿದಂತೆ ಆ ಕಾಲದ ಬಹಳಷ್ಟು ಟ್ರ್ಯಾಕ್ಟರುಗಳು ಹೀಗೇ. 6 ವೋಲ್ಟ್ ಬ್ಯಾಟರಿ, ಅದನ್ನು ಚಾರ್ಜ್ ಮಾಡೋಕೆ ಒಂದು ಡೈನಮೋ, ಸಾಲದ್ದಕ್ಕೆ ಎಲ್ಲ ಉಲ್ಟಾ. ಈಗಿನ ಗಾಡಿಗಳಲ್ಲಿ ಮೈನಸ್ಸನ್ನು ಬಾಡಿಗೆ ಕೊಡುತ್ತಾರೆ (ಮನೆ ಬಾಡಿಗೆ ಅಲ್ಲ, ಗಾಡಿಯ ಬಾಡಿ). ಇದರಲ್ಲಿ ಪ್ಲಸ್ಸು ಬಾಡಿಗೆ. ಕರೆಂಟ್ ಬಾಡಿಯ ಮೂಲಕವೇ ಸುತ್ತು ಮುಗಿಸಲಿ ಅಂತ ಹೀಗೆ ಕೊಡೋದು, ಅದಕ್ಕೇ ಅರ್ಥ್ ಅನ್ನೋದು. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ 6 ವೋಲ್ಟಿನಲ್ಲಿ ಅದೇ ಕೆಲಸ ಆಗಬೇಕಾದರೆ 12 ವೋಲ್ಟಿನಲ್ಲಿ ಹರಿಯೋದರ ಎರಡರಷ್ಟು ಕರೆಂಟ್ ಹರಿಯಬೇಕು, ಅದಕ್ಕೆ ದಪ್ಪ ಕೇಬಲ್ ಬೇಕು, ಎಲ್ಲೋ ಒಂದು ಜಾಯಿಂಟ್ ತುಕ್ಕು ಹಿಡಿದು ಒಂದು ವೋಲ್ಟ್ ನುಂಗಿದರೂ ಉಳಿಯುವುದು ಐದೇ. ಚಳಿಗಾಲದ ಬೆಳಿಗ್ಗೆ ಆ ಐದರಲ್ಲಿ ಏನಾಗುತ್ತೆ? ಹಾಗಾಗಿ 12 ವೋಲ್ಟಿಗೆ ಬದಲಾಯಿಸೋಣ ಅಂದುಕೊಂಡೆ. ವಿಡಿಯೋದಲ್ಲಿ ಒಬ್ಬ ಮನುಷ್ಯ ನಗುನಗುತ್ತಾ "ಅರ್ಧ ದಿನದ ಕೆಲಸ" ಅಂದಿದ್ದ. ಅವನ ಕೈಗೆ ಮಸಿಯೇ ಆಗಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನನಗೆ ಮೂರು ಭಾನುವಾರ ಹಿಡಿಯಿತು. ಡೈನಮೋ ತೆಗೆದು, ಅದೇ ಚಾರ್ಜ್ ಮಾಡೋ ಕೆಲಸಕ್ಕೆ ಆಲ್ಟರ್ನೇಟರ್ ಕೂರಿಸಿದೆ. ಅದು ಡೈನಮೋಗಿಂತ ಗಿಡ್ಡ, ಆದರೆ ಹೊಟ್ಟೆ ಜಾಸ್ತಿ. ಬಾನೆಟ್ ಮುಚ್ಚಲಿಲ್ಲ. ಬ್ರಾಕೆಟ್ ಬಗ್ಗಿಸಿದೆ. ಬಾನೆಟ್ ಮುಚ್ಚಿತು, ಬೆಲ್ಟ್ ಸೊಟ್ಟ ಆಯಿತು. ಹೊಸ ಬ್ಯಾಟರಿಯ ಮೈನಸ್ಸನ್ನು ಬಾಡಿಗೆ ಕೊಟ್ಟೆ, ಆಂಪ್ ಮೀಟರಿನ ಎರಡು ವೈರ್ ಅದಲು ಬದಲು ಮಾಡಿದೆ. ಇಲ್ಲದಿದ್ದರೆ ಚಾರ್ಜ್ ಆಗುವಾಗ ಖಾಲಿ ಆಗ್ತಿದೆ ಅಂತ ತೋರಿಸುತ್ತೆ. ಎಂಜಿನ್ನಿಗೆ ಕಿಡಿ ಕೊಡೋ ಕಾಯಿಲ್ ಸುಟ್ಟು ಹೋಗದಿರಲಿ ಅಂತ ಅದರ ಮುಂದೆ ಕರೆಂಟ್ ತಗ್ಗಿಸೋ ರೆಸಿಸ್ಟರ್ ಹಾಕಿದೆ. ರೆಸಿಸ್ಟರ್ ಕಾದ ಹೆಂಚಿನ ಹಾಗೆ ಬಿಸಿಯಾಗುತ್ತೆ ಅಂತ ಓದಿದ್ದೆ, ಆದರೂ ಮುಟ್ಟಿ ನೋಡಿದೆ. ಯಾಕೆ ಅಂತ ಕೇಳಬೇಡಿ. ಹಳೇ ಬಲ್ಬ್ ಒಂದನ್ನು ಬದಲಾಯಿಸೋದು ಮರೆತಿದ್ದೆ. ಸ್ವಿಚ್ ಹಾಕಿದ ತಕ್ಷಣ ಜನ್ಮದಲ್ಲಿ ಬೆಳಗದಷ್ಟು ಜೋರಾಗಿ ಬೆಳಗಿ ಪಟ್ ಅಂತ ಹೋಯಿತು. ಅದಾದರೂ ಮರ್ಯಾದೆಯಿಂದ ಹೋಯಿತು.

ಇಷ್ಟೂ ದಿನ ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್ ಮೇಲೆ ಕೂತಿದ್ದವರು ನಮ್ಮ ಸೋದರಮಾವ. ಮಾವ ಸ್ಪ್ಯಾನರ್ ಮುಟ್ಟುವವರಲ್ಲ. ಅವರ ಹತ್ತಿರ ಇರೋದು ಒಂದೇ ಪ್ರಶ್ನೆ.

"ಅರ್ಥ್ ನೋಡಿದ್ಯಾ?"

ಬೆಲ್ಟ್ ಸೊಟ್ಟ ಆಗಿದೆ ಮಾವ ಅಂದರೆ, ಅರ್ಥ್ ನೋಡಿದ್ಯಾ? ನಟ್ಟು ಕಳೆದುಹೋಯ್ತು ಅಂದರೆ, ಅರ್ಥ್ ನೋಡಿದ್ಯಾ? ಮೊಬೈಲ್ ಚಾರ್ಜ್ ಆಗ್ತಿಲ್ಲ, ಅರ್ಥ್. ಟಾರ್ಚ್ ಹತ್ತುತ್ತಿಲ್ಲ, ಅರ್ಥ್. ಪ್ಲಾಸ್ಟಿಕ್ ಟಾರ್ಚಿಗೆ ಎಲ್ಲಿಯ ಅರ್ಥ್ ಮಾವ ಅಂತ ಕೇಳಿದ್ದಕ್ಕೆ "ಅದಕ್ಕೇ ಹತ್ತುತ್ತಿಲ್ಲ" ಅಂದರು. ಎರಡನೇ ಭಾನುವಾರ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತು. ಅಯ್ಯೋ ಅಂದೆ. ಮಾವ ಗಂಭೀರವಾಗಿ, "ಚಪ್ಪಲಿ ಬಿಟ್ಟು ನೆಲದ ಮೇಲೆ ನಾಲ್ಕು ಹೆಜ್ಜೆ ನಡಿಯೋ, ಅರ್ಥ್ ಆಗುತ್ತೆ" ಅಂದರು. ನಡೆದೆ. ನೋವು ಸ್ವಲ್ಪ ಕಮ್ಮಿ ಆಯಿತು ಅನ್ನೋದನ್ನು ನಾನು ಅವರಿಗೆ ಇವತ್ತಿಗೂ ಹೇಳಿಲ್ಲ. ಮಾವನಿಗೆ ಬದುಕಿನಲ್ಲಿ ಅರ್ಥ ಇಲ್ಲ ಅಂದರೂ ನಡೆಯುತ್ತೆ, ಅರ್ಥ್ ಇಲ್ಲ ಅಂದರೆ ಆಗಲ್ಲ.

ಅಂತೂ ನಿನ್ನೆ ಎಲ್ಲ ಮುಗಿಸಿ ಸ್ಟಾರ್ಟರ್ ಒತ್ತಿದೆ. ಸ್ಟಾರ್ಟರ್ ಮೋಟರ್ ಮಾತ್ರ ಹಳೇದೇ. ತುಂಬ ಹೊತ್ತು ಒತ್ತಿ ಹಿಡಿಯದಿದ್ದರೆ 12 ವೋಲ್ಟ್ ತಡೆದುಕೊಳ್ಳುತ್ತೆ. ಚರ್ರ್ ಅಂದಿದ್ದೇ ತಡ, ಎಂಜಿನ್ ಎದ್ದಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಒಂದು ಕ್ಷಣ ಏನೋ ಕಳೆದುಕೊಂಡ ಹಾಗೆ. ಮೊದಲು ಇದು ಗೊರ್ರ್... ಅನ್ನುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ. ಮತ್ತೆ ಗೊರ್ರ್... ಮುಂದಿನದು ಬರುತ್ತೋ ಇಲ್ವೋ ಅನ್ನೋ ಆ ಸಂದಿಯಲ್ಲಿ ಅಜ್ಜ ಸ್ಟೀರಿಂಗ್ ಸವರುತ್ತಾ "ಬಾ ಮಗಾ, ಬಾ" ಅನ್ನುತ್ತಿದ್ದರು. ಈಗ ಹಾಗೆ ಅನ್ನೋಕೆ ಟೈಮೇ ಸಿಗಲ್ಲ.

ಸರಿ, ಸಾಕು ಅಂತ ಕೀ ತಿರುಗಿಸಿದೆ. ಎಂಜಿನ್ ಓಡುತ್ತಿತ್ತು. ಮತ್ತೆ ಆನ್ ಮಾಡಿ ಆಫ್ ಮಾಡಿದೆ. ಓಡುತ್ತಿತ್ತು. ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. ಅದಕ್ಕೇನು ಗೊತ್ತು, ಓಡುತ್ತಿತ್ತು. "ಅರ್ಥ್ ನೋ..." ಅಂತ ಬಕೆಟ್ ಕಡೆಯಿಂದ ಶುರುವಾಯಿತು, ಕೈ ಅಡ್ಡ ಹಿಡಿದು ತಡೆದೆ. ಕೊನೆಗೆ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು, ಕತ್ತು ಹಿಸುಕಿದ ಹಾಗೆ ನಿಲ್ಲಿಸಬೇಕಾಯಿತು.

ಕಾರಣ ಆಮೇಲೆ ಗೊತ್ತಾಯಿತು. ಆಲ್ಟರ್ನೇಟರನ್ನು ಎಬ್ಬಿಸೋಕೆ ಕೀ ಸ್ವಿಚ್ಚಿನಿಂದ ಅದಕ್ಕೊಂದು ಸಣ್ಣ ವೈರ್ ಹೋಗುತ್ತೆ. ಎಚ್ಚರ ಆದ ಮೇಲೆ ಅದೇ ವೈರಿನಲ್ಲಿ ಕರೆಂಟ್ ವಾಪಸ್ ಬಂದು ಕಾಯಿಲಿಗೆ ಸೇರುತ್ತೆ. ಕೀ ಇದ್ದರೆಷ್ಟು, ಬಿಟ್ಟರೆಷ್ಟು. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಒಂದು ಡಯೋಡ್ ಹಾಕಬೇಕು, ಬೆಳ್ಳಿ ಗೆರೆ ಇರೋ ತುದಿ ಆಲ್ಟರ್ನೇಟರ್ ಕಡೆಗೆ. ಇಲ್ಲಾ ಒಂದು ಪುಟ್ಟ ಬಲ್ಬ್ ಹಾಕಿದರೂ ನಡೆಯುತ್ತೆ. ಕಡಲೆಕಾಳಿನಷ್ಟು ವಸ್ತು. ಹೀಗೆ ಒದ್ದಾಡಿದವರು ಎಷ್ಟೋ ಜನ ಇದ್ದಾರಂತೆ. ಆ ನಗುಮುಖದವನು ಇದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

"ನೋಡಿ ಮಾವ, ಅರ್ಥ್‌ಗೂ ಇದಕ್ಕೂ ಸಂಬಂಧವೇ ಇಲ್ಲ" ಅಂತ ಮೂರು ವಾರದ ಸೇಡು ತೀರಿಸಿಕೊಂಡೆ. ಮಾವ ತಲೆಯಾಡಿಸಿದರು. ಅದೇ ಖುಷಿಯಲ್ಲಿ ಲೈಟಿನ ಸ್ವಿಚ್ ಹಾಕಿದೆ. ಎಡಗಡೆಯದು ಹತ್ತಿತು. ಬಲಗಡೆಯದು ಇಲ್ಲ. ಬಲ್ಬ್ ಹೊಸದು, ವೈರ್ ಹೊಸದು, ಫ್ಯೂಸ್ ಸರಿ ಇದೆ.

ಮಾವ ಬಕೆಟ್ಟಿನಿಂದ ಎದ್ದರು. ಮೂರು ವಾರದಲ್ಲಿ ಮೊದಲ ಸಲ. "ಕೀ ಕೊಡೋ ಇಲ್ಲಿ" ಅಂದರು. ಕೊಟ್ಟೆ. ಲೈಟಿನ ಬೋಲ್ಟ್ ಸಡಿಲ ಮಾಡಿಸಿ, ಅದರ ಕೆಳಗೆ ನಾನು ಮೂರು ಕೋಟ್ ಹೊಡೆದು ಕನ್ನಡಿ ಹಾಗೆ ಮಾಡಿದ್ದ ಬಣ್ಣವನ್ನು ಆ ಕೀಯಿಂದ ಕರಕರ ಕೆರೆದರು. ಬಿಳಿ ಕಬ್ಬಿಣ ಕಾಣಿಸಿತು. ಬೋಲ್ಟ್ ಬಿಗಿ ಮಾಡಿದೆ. ಲೈಟ್ ಹತ್ತಿತು.

ಮಾವ ಒಂದೇ ಒಂದು ಮಾತು ಆಡಲಿಲ್ಲ. ಕೀಗೆ ಅಂಟಿದ್ದ ಬಣ್ಣವನ್ನು ನನ್ನ ಅಂಗಿಗೆ ಒರೆಸಿ ವಾಪಸ್ ಕೊಟ್ಟು, ಹೋಗಿ ಬಕೆಟ್ ಮೇಲೆ ಕೂತರು.