ಈ ಮಂಗಟ್ಟೆ ಯಾರ ವ್ಯಾಪ್ತಿಗೆ ಬರುತ್ತದೆ?

ನಾಳೆ ಬೆಳಗ್ಗೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಸೂರಿನ ಮೇಲೆ ಒಂದು ದೊಡ್ಡ ಮಂಗಟ್ಟೆ ಬಂದು ಕೂತಿತು ಅಂದುಕೊಳ್ಳಿ. ದಟ್ಟ ಕಾಡಿನ ಹಕ್ಕಿ. ಉದ್ದನೆಯ ಹಳದಿ ಕೊಕ್ಕು, ಅದರ ಮೇಲೊಂದು ದಪ್ಪ ಉಬ್ಬು. ಹಾರಿದರೆ ರೆಕ್ಕೆ ಸದ್ದು ಬೀದಿಯ ಆ ತುದಿಗೂ ಕೇಳುತ್ತದೆ. ಇನ್ನೇನು ಬೇಕು, ಕೋಟೆ ರಸ್ತೆ ಜಾಮ್. ರೀಲ್ಸ್ ಮಾಡುವವರು ಮೊದಲು, ಪುಢಾರಿಗಳು ಆಮೇಲೆ, ಇಲಾಖೆಯವರು ಕೊನೆಗೆ.

ಬಂದ ಅಧಿಕಾರಿಗಳಿಗೆ ಹಕ್ಕಿ ಕಾಣುವುದಿಲ್ಲ, ವ್ಯಾಪ್ತಿ ಕಾಣುತ್ತದೆ. ಹಕ್ಕಿಗೆ 1972ರ ವನ್ಯಜೀವಿ ಕಾಯ್ದೆ, ಹಾಗಾಗಿ ಅರಣ್ಯ ಇಲಾಖೆ. ಹಳೇ ಕಟ್ಟಡಗಳಿಗೆ 1961ರ ಸ್ಮಾರಕ ಕಾಯ್ದೆ, ಹಾಗಾಗಿ ಪುರಾತತ್ವ ಇಲಾಖೆ. ಹಿಕ್ಕೆ ರಸ್ತೆಗೆ ಬಿದ್ದರೆ ಪಾಲಿಕೆ. ಸೂರಿನಿಂದ ನೆಲಕ್ಕೆ ಬೀಳುವಷ್ಟರಲ್ಲಿ ಆ ಹಿಕ್ಕೆ ಮೂರು ಇಲಾಖೆ ಮುಗಿಸಿರುತ್ತದೆ. ನಮ್ಮ ಯಾವ ಅರ್ಜಿ ಇಷ್ಟು ಬೇಗ ಇಳಿದಿದೆ ಹೇಳಿ?

ಹಕ್ಕಿ ಊರಿಗೆ ಯಾಕೆ ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮಂಗಟ್ಟೆ ಕಡ್ಡಿ ತಂದು ಗೂಡು ಕಟ್ಟುವ ಪೈಕಿ ಅಲ್ಲ. ಅದಕ್ಕೆ ಹಳೇ ದೊಡ್ಡ ಮರದ ಪೊಟರೆಯೇ ಆಗಬೇಕು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿಗೆ ಹಿಕ್ಕೆ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಕಿಂಡಿ ಬಿಟ್ಟು. ಗಂಡು ಅತ್ತಿ, ಆಲ, ಬಸರಿ ಹಣ್ಣು ತಂದು ಆ ಕಿಂಡಿಯಲ್ಲಿ ಕೊಡುತ್ತಲೇ ಇರಬೇಕು, ವಾರಗಟ್ಟಲೆ. ಒಳಗೆ ಕೂತವರು ಹೊರಗೆ ಬರುವುದಿಲ್ಲ, ಹೊರಗೆ ನಿಂತವರು ಕೊಡುವುದನ್ನು ನಿಲ್ಲಿಸುವಂತಿಲ್ಲ. ಸರ್ಕಾರಿ ಕೌಂಟರ್ ಮುಂದೆ ನಿಂತು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆದರೂ ಮಂಗಟ್ಟೆಯೇ ವಾಸಿ. ಅದರ ಕಿಂಡಿಯಿಂದ ಕೊನೆಗೆ ಒಂದು ಮರಿಯಾದರೂ ಹೊರಗೆ ಬರುತ್ತದೆ.

ಅಂಥ ಮರಗಳು ರಸ್ತೆ ಅಗಲ ಮಾಡುವಾಗ ಹೋಗುತ್ತವೆ. ಮರಕ್ಕೂ ಕಾಯ್ದೆ ಇದೆ, 1976ರದ್ದು. ಕಡಿಯಲು ಅನುಮತಿ ಬೇಕು. ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಸಭೆ. ಟೀ, ಬೋಂಡಾ. ಒಬ್ಬ ಹಿರಿಯ ಅಧಿಕಾರಿ ಬೇಸರದಿಂದ ಹೇಳುತ್ತಾರೆ: "ಕೆಳದಿ ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ನೋಡ್ರೀ. ತಲೆ ಎರಡಿದ್ರೂ ಒಂದು ದಿನ ತಂಟೆ ಮಾಡಿಲ್ಲ. ಹಣ್ಣು ಕೇಳಲ್ಲ, ಪೊಟರೆ ಕೇಳಲ್ಲ, ಸುಮ್ನೆ ಇರುತ್ತೆ." ಎಲ್ಲರಿಗೂ ಹೌದೆನ್ನಿಸುತ್ತದೆ. ಸರ್ಕಲ್‌ನಲ್ಲಿ ಸಿಮೆಂಟಿನ ಮಂಗಟ್ಟೆ, ಸುತ್ತ ಸೆಲ್ಫಿ ಪಾಯಿಂಟ್ ಅಂತ ಠರಾವು ಪಾಸಾಗುತ್ತದೆ. ಜಾಗ ಸಾಲದ್ದರಿಂದ ಪಕ್ಕದ ಆಲದ ಮರ ತೆಗೆಯುವುದು. ಕೊಕ್ಕಿನ ಹಳದಿ ಬಣ್ಣ ಮುಂದಿನ ವರ್ಷದ ಅನುದಾನದಲ್ಲಿ.